ನಾಲ್ಕಿಂಚು, ಒಂಬತ್ತಿಂಚು

ಕಾಡಿಗೆ ಹೋಗುವವರಿಗೆ ಬೇಕಾದ ಡೇರೆ, ಹಗ್ಗ, ಮಳೆಕೋಟು, ಬೂಟು, ಟಾರ್ಚು, ಚಾಕು ಎಲ್ಲವೂ ಆ ಅಂಗಡಿಯಲ್ಲಿ ಸಿಗುತ್ತಿತ್ತು. ನೆಮ್ಮದಿ ಮಾತ್ರ ಸಿಗುತ್ತಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಹೆಸರಿಗೆ ಇಬ್ಬರು ಗಂಡುಮಕ್ಕಳು ಮಾಲೀಕರಾಗಿದ್ದರು. ದೊಡ್ಡವನು ಸಾಮಾನು ತರಲು ಊರೂರು ಸುತ್ತುತ್ತಿದ್ದ. ಚಿಕ್ಕವನು ಹಿಂದಿನ ಗೋದಾಮಿನಲ್ಲಿ ಹರಿದ ಡೇರೆಗಳಿಗೆ ಹೊಲಿಗೆ ಹಾಕುತ್ತ ರೇಡಿಯೋ ಕೇಳಿಕೊಂಡಿರುತ್ತಿದ್ದ. ಅಂಗಡಿಯನ್ನು ನಡೆಸುತ್ತಿದ್ದವರು ಇಬ್ಬರು ಸೊಸೆಯಂದಿರು. ಅವರಿಬ್ಬರನ್ನೂ ನಡೆಸುತ್ತಿದ್ದವರು ಗಲ್ಲಾದ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತ ಅತ್ತೆ.

ಹಿರಿಸೊಸೆಗೆ ಬೀದಿಯವರೆಲ್ಲ ಇಟ್ಟಿದ್ದ ಅಡ್ಡಹೆಸರು ಇಂಚುಪಟ್ಟಿ. ಹಗ್ಗವಿರಲಿ, ಬಟ್ಟೆಯಿರಲಿ, ಮನೆಯಲ್ಲಿ ತಟ್ಟೆಗೆ ಹಾಕುವ ಅನ್ನವಿರಲಿ, ಅಳೆಯದೆ ಅವಳು ಕೊಟ್ಟವಳಲ್ಲ. ಬಾಗಿಲಿಗೆ ಹತ್ತಿರದ, ಗಾಜಿನ ಮೇಲ್ಹಾಸಿನ ಚಾಕು ಕೌಂಟರು ಮದುವೆಯಾದಾಗಿನಿಂದಲೂ ಅವಳದೇ. ಗಿರಾಕಿ ಬಂದರೆ ಮೊದಲು ಅವನ ಅಂಗೈಯನ್ನು ಗಾಜಿನ ಮೇಲೆ ಇಡಿಸುತ್ತಿದ್ದಳು. "ನಿಮ್ಮ ಅಂಗೈ ಎಷ್ಟು ಅಗಲವೋ ಅಲಗು ಅಷ್ಟೇ ಉದ್ದ ಇರ್ಬೇಕು. ಅದಕ್ಕಿಂತ ದೊಡ್ಡದು ಬೇಕು ಅನ್ನೋನು ಕಾಡಿಗೆ ಹೋಗ್ತಿಲ್ಲ, ಕನ್ನಡಿ ಮುಂದೆ ಹೋಗ್ತಿದಾನೆ," ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯಿತು. ನಾಲ್ಕಿಂಚಿನ ಚಾಕು ಒರೆಯ ಸಮೇತ ಗಿರಾಕಿಯ ಕೈ ಸೇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ಅವರ ಆರೈಕೆಗೆಂದು ಹೋದವಳು ಮಳೆಗಾಲ ಹತ್ತಿರ ಬಂದಾಗ, ಎಲ್ಲ ಮುಗಿಸಿಕೊಂಡು, ಕಣ್ಣು ಬತ್ತಿಸಿಕೊಂಡು ಮರಳಿದಳು. ಕೈಚೀಲವನ್ನು ಕೆಳಗಿಡುವ ಮೊದಲೇ ಕೌಂಟರು ಕಣ್ಣಿಗೆ ಬಿತ್ತು. ಗೋಡೆಗೆ ಹಸಿರು ಬಟ್ಟೆ ಹೊದಿಸಿ, ಅದರ ಮೇಲೆ ಗೇಣುದ್ದದ ಅಲಗಿನ ಚಾಕುಗಳನ್ನು ಸಾಲಾಗಿ ತೂಗುಹಾಕಿದ್ದರು. ಅವಳ ನಾಲ್ಕಿಂಚಿನವು ಬೂಟು ಪಾಲಿಶ್ ಡಬ್ಬಿಗಳ ಜೊತೆ ಕೆಳಗಿನ ಡ್ರಾಯರಿನಲ್ಲಿ ಬಿದ್ದಿದ್ದವು.

"ಯಾರು ಮಾಡಿದ್ದು ಇದನ್ನ?"

"ನಾನೇ ಅಕ್ಕ," ಎಂದಳು ಕಿರಿಸೊಸೆ. ಈ ಮನೆಗೆ ಬಂದು ಇನ್ನೂ ಮೂರು ವರ್ಷವಾಗದವಳು. ದೋಣಿ ಸ್ಪರ್ಧೆಗಳಲ್ಲಿ ಹುಟ್ಟು ಹಾಕಿ ಗಟ್ಟಿಯಾದ ತೋಳು, ತೋಳಿಗೆ ತಕ್ಕ ಗಂಟಲು. "ಜನಕ್ಕೆ ಕಣ್ಣಿಗೆ ಕಾಣ್ಬೇಕಲ್ಲ. ಒಂಬತ್ತಿಂಚಿಂದು ನೋಡಿದ ತಕ್ಷಣ ಒಳಗೆ ಬರ್ತಾರೆ."

ತಾಯಿಯ ಬಗ್ಗೆ ಅವಳು ಒಂದು ಮಾತು ಕೇಳಲಿಲ್ಲ. ಕೇಳಲು ಬಾಯಿ ತೆರೆಯುವ ಹೊತ್ತಿಗೇ ಜಗಳ ಶುರುವಾಗಿತ್ತು ಎಂದು ಕಿರಿಸೊಸೆಯ ಗಂಡ ಆಮೇಲೆ ಸಮಾಧಾನ ಹೇಳಿದ. ಹಿರಿಸೊಸೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಓರಗಿತ್ತಿಯನ್ನು 'ಇವಳೇ' ಎಂದು ಕರೆಯುವುದೇ ರೂಢಿಯಾಯಿತು.

ಒಂದು ಮಧ್ಯಾಹ್ನ ದಪ್ಪ ಕನ್ನಡಕದ ಮೇಷ್ಟ್ರೊಬ್ಬರು ಬಂದರು. ರಜೆಯಲ್ಲಿ ಒಬ್ಬರೇ ಕಾಡಿಗೆ ಹೋಗಿ ಹಕ್ಕಿಗಳ ದನಿ ಕೇಳಬೇಕೆಂದು ಅವರ ಆಸೆ.

"ಒಂದು ಚಾಕು ಬೇಕಿತ್ತು. ಯಾವ ಸೈಜು ತಗೋಬೇಕೋ ಗೊತ್ತಿಲ್ಲ."

"ಕೈ ಇಡಿ ಇಲ್ಲಿ," ಎಂದಳು ಹಿರಿಸೊಸೆ.

"ಕೈ ಯಾಕೆ ಸಾರ್ ಇಡ್ತೀರಿ, ಬಳೆ ತಗೋತಿದೀರಾ?" ಎಂದು ಕಿರಿಸೊಸೆ ನಡುವೆ ನುಗ್ಗಿದಳು. ಗೋಡೆಯಿಂದ ಒಂಬತ್ತಿಂಚಿನದನ್ನು ಇಳಿಸಿ ಅವರ ಮುಂದೆ ಹಿಡಿದಳು. "ಸೌದೆ ಸೀಳಬೇಕು, ಮುಳ್ಳುಪೊದೆ ಸವರ್ಬೇಕು, ಡೇರೆ ಗೂಟ ಹೊಡೀಬೇಕು. ಕಾಡಿಗೆ ಹೋಗೋದು ಸಾರ್, ಸೇಬು ಹೆಚ್ಚೋಕಲ್ಲ."

"ಮೇಷ್ಟ್ರೇ, ಅದು ಚಾಕಲ್ಲ, ಮಚ್ಚು. ಹಗ್ಗ ಕತ್ತರಿಸೋಕೆ ಹೋಗಿ ಬೆರಳು ಕತ್ತರಿಸ್ಕೋತೀರಿ. ಬೆಟ್ಟ ಹತ್ತುವಾಗ ಸೊಂಟದಲ್ಲಿ ಅಷ್ಟು ಕಬ್ಬಿಣ ಯಾಕೆ?"

"ಅಕ್ಕ ಕಾಡು ನೋಡಿ ಎಷ್ಟು ಕಾಲವಾಯ್ತೋ, ಪಾಪ. ಇಂಚುಪಟ್ಟಿ ಹಿಡ್ಕೊಂಡು ಕೂತಿರ್ತಾರೆ."

"ಇವಳೇ, ನಾನು ಕಾಡು ಸುತ್ತುವಾಗ ನೀನಿನ್ನೂ ಮೂಗು ಒರೆಸ್ಕೊಳ್ಳೋದು ಕಲೀತಿದ್ದೆ!"

ಮಾತಿಗೆ ಮಾತು ಬೆಳೆಯಿತು. ಒಬ್ಬಳ ಕೈಯಲ್ಲಿ ನಾಲ್ಕಿಂಚು, ಇನ್ನೊಬ್ಬಳ ಕೈಯಲ್ಲಿ ಒಂಬತ್ತಿಂಚು, ಎರಡೂ ಒರೆಯಿಂದ ಹೊರಗೆ. ಮೇಷ್ಟ್ರು ಎರಡನ್ನೂ ನೋಡಿದರು, ಬಾಗಿಲನ್ನು ನೋಡಿದರು, "ಇನ್ನೊಮ್ಮೆ ಬರ್ತೀನಿ" ಎಂದು ಛತ್ರಿಯನ್ನೂ ಬಿಟ್ಟು ಹೊರಟೇಹೋದರು.

ಅತ್ತೆ ಗಲ್ಲಾದ ಮುಚ್ಚಳವನ್ನು ದಢಾರನೆ ಹಾಕಿದರು.

"ಆಯ್ತಾ? ಹೊಟ್ಟೆ ತುಂಬ್ತಾ ಇಬ್ಬರಿಗೂ?"

ಮಳೆಗಾಲಕ್ಕೆ ಮುಂಚೆ ಹೊಸ ಡೇರೆ, ಹೊಸ ಮಳೆಕೋಟುಗಳನ್ನು ಕಾಡಿಗೆ ಒಯ್ದು, ಒಂದು ರಾತ್ರಿ ಅಲ್ಲೇ ತಂಗಿ ಪರೀಕ್ಷೆ ಮಾಡಿ ಬರುವುದು ಅಂಗಡಿಯ ವಾಡಿಕೆ. ಆ ಕೆಲಸ ಚಿಕ್ಕಮಗನದು. ಈ ಸಲ ಅವನು ಗೋದಾಮಿನ ಏಣಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡು ಮಲಗಿದ್ದ.

"ನೀವಿಬ್ಬರೇ ಹೋಗಿ," ಎಂದರು ಅತ್ತೆ. "ಅವರವರ ಚಾಕು ಅವರವರು ತಗೊಂಡು ಹೋಗಿ. ಬಂದ ಮೇಲೆ ಯಾರದು ಸರಿ ಅಂತ ನನಗೆ ಹೇಳಿ. ಸರಿ ಇದ್ದೋಳು ಚಾಕು ನೋಡ್ಕೊಳ್ಲಿ, ತಪ್ಪಿದ್ದೋಳು ಬೂಟು ತೊಡಿಸ್ಲಿ."

ಬೂಟು ವಿಭಾಗ ಎಂದರೆ ಅಂಗಡಿಯ ಮೂಲೆ. ರಬ್ಬರಿನ ವಾಸನೆ, ಕಂಡವರ ಬೆವರಿದ ಕಾಲು. ಇಬ್ಬರೂ ತುಟಿ ಬಿಗಿದುಕೊಂಡು ಒಪ್ಪಿದರು.

ಬಸ್ಸಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಕಾಲುದಾರಿಯಲ್ಲೂ ಹಾಗೇ. ಗುಡ್ಡದ ನೆತ್ತಿಯ ಬಯಲು ತಲುಪಿದಾಗ ಮೋಡ ಕೈಗೆ ಸಿಗುವಷ್ಟು ಕೆಳಗಿಳಿದಿತ್ತು. ಡೇರೆಗಳನ್ನು ಒಂದಕ್ಕೊಂದು ಬೆನ್ನು ಹಾಕಿ ನಿಲ್ಲಿಸಿದರು. ಹಿರಿಸೊಸೆ ತನ್ನ ಪುಟ್ಟ ಚಾಕುವಿನಿಂದ ಹಗ್ಗ ಕತ್ತರಿಸಿದಳು, ರೊಟ್ಟಿ ಕೊಯ್ದಳು, ಕಾಲಿಗೆ ಚುಚ್ಚಿದ ಮುಳ್ಳನ್ನು ಮೊನೆಯಿಂದಲೇ ಎಬ್ಬಿಸಿದಳು. ಪ್ರತಿ ಸಲವೂ ಓರಗಿತ್ತಿ ನೋಡಿದಳೋ ಇಲ್ಲವೋ ಎಂದು ಓರೆಗಣ್ಣು ಹಾಯಿಸಿದಳು. ಓರಗಿತ್ತಿ ಬೇಕೆಂದೇ ನೋಡಲಿಲ್ಲ.

ಆಮೇಲೆ ಮಳೆ ಬಂತು. ಬಂದದ್ದು ಸಂಜೆಯವರೆಗೂ ಬಿಡಲಿಲ್ಲ. ಬಿಟ್ಟಾಗ ಕಾಡಿನಲ್ಲಿ ಒಣಗಿದ್ದೆಂಬುದೇ ಇರಲಿಲ್ಲ. ಹೊಸ ಮಳೆಕೋಟುಗಳ ಭುಜದ ಹೊಲಿಗೆಯಲ್ಲಿ ನೀರು ಸೋರಿ ಇಬ್ಬರ ಬೆನ್ನೂ ತೊಯ್ದಿತ್ತು. ಗಾಳಿ ಎದ್ದಿತು. ಬೆಂಕಿ ಬೇಕೇ ಬೇಕಿತ್ತು.

ನೆಂದ ಸೌದೆಯ ಒಳಗೆ ಒಣ ತಿರುಳಿರುತ್ತದೆ ಎಂಬುದು ಹಿರಿಸೊಸೆಗೂ ಗೊತ್ತು. ತೋಳುಗಾತ್ರದ ಒಂದು ತುಂಡನ್ನು ನಿಲ್ಲಿಸಿ, ಅದರ ತಲೆಯ ಮೇಲೆ ಚಾಕುವಿನ ಅಲಗನ್ನಿಟ್ಟು, ಇನ್ನೊಂದು ಕೊರಡಿನಿಂದ ಬಡಿದಳು. ಅಲಗು ಇಳಿಯಿತು. ಇನ್ನೊಂದು ಪೆಟ್ಟು. ಪೂರ್ತಿ ಇಳಿಯಿತು. ಆಗ ಅವಳಿಗೆ ತೊಡಕು ಕಂಡಿತು. ತುಂಡು ಅಲಗಿಗಿಂತ ಅಗಲ, ಆಚೆ ಬದಿಯಲ್ಲಿ ಹೊಡೆಯಲು ಮೊನೆಯೇ ಹೊರಗಿಲ್ಲ. ಒಳಗೆ ಮರದ ಗಂಟು. ಹಿಡಿ ಹಿಡಿದು ಎಳೆದಳು, ತಿರುಚಿದಳು, ಕಾಲು ಕೊಟ್ಟು ಜಗ್ಗಿದಳು. ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಹಿಂದಿನಿಂದ ಠಕ್ಕ್, ಠಕ್ಕ್ ಎಂದು ಸದ್ದು ಬರುತ್ತಿತ್ತು. ಕಿರಿಸೊಸೆ ಅಷ್ಟೇ ದಪ್ಪದ ತುಂಡುಗಳನ್ನು ಒಂದೊಂದೇ ಸೀಳುತ್ತಿದ್ದಳು. ಒಂಬತ್ತಿಂಚಿನ ಅಲಗಿನ ಅರ್ಧ ಮರದಾಚೆ ಚಾಚಿರುತ್ತಿತ್ತು, ಅದರ ಮೇಲೆ ಬಡಿದರೆ ಸೌದೆ ಇಬ್ಭಾಗ. ಒಳಗಿನ ಬಿಳಿ ತಿರುಳಿನ ಚಕ್ಕೆ ಎಬ್ಬಿಸಿ, ಕಡ್ಡಿ ಗೀರಿದಳು. ಸ್ವಲ್ಪ ಹೊತ್ತಿಗೆ ಕೆಂಪು ಬೆಳಕು ಅವಳ ಮುಖದ ಮೇಲೆ ಕುಣಿಯತೊಡಗಿತು.

"ಬೆಂಕಿ ಹತ್ತಿದೆ," ಎಂದಳು, ಬೆಂಕಿಗೇ ಹೇಳುವವಳಂತೆ. "ಯಾರಿಗಾದ್ರೂ ಚಳಿ ಆದ್ರೆ ಬರಬಹುದು. ಮಚ್ಚಿನ ಬೆಂಕಿ ಅಂತ ಮರ್ಯಾದೆಗೆ ಕಡಿಮೆ ಆಗಲ್ಲ ಅಂದ್ರೆ."

"ನನಗೇನೂ ಚಳಿ ಇಲ್ಲ."

"ಹಲ್ಲು ಕಟಕಟ ಅನ್ನೋದು ಇಲ್ಲಿವರೆಗೂ ಕೇಳಿಸ್ತಿದೆ."

"ರೊಟ್ಟಿ ಅಗೀತಿದೀನಿ."

ಬಾಯಲ್ಲಿ ರೊಟ್ಟಿಯೇ ಇರಲಿಲ್ಲ. ಹಿರಿಸೊಸೆ ಡೇರೆಯೊಳಗೆ ಹೋಗಿ, ಒದ್ದೆ ಮೈಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಸುತ್ತಿಕೊಂಡು ಮುದುಡಿದಳು. ಕರೆಯುವುದಾದರೆ ನೆಟ್ಟಗೆ 'ಬನ್ನಿ ಅಕ್ಕ' ಅನ್ನಬಾರದಿತ್ತೇ? ಅಂದಿದ್ದರೆ ಹೋಗುತ್ತಿದ್ದೆನೇ? ಹೋಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದುದರಿಂದ ಸಿಟ್ಟು ಇನ್ನಷ್ಟು ಏರಿತು. ಡೇರೆಯ ಬಟ್ಟೆಯ ಮೇಲೆ ಬೆಂಕಿಯ ನೆರಳು ಆಡುವುದನ್ನು ನೋಡುತ್ತ, ಅದು ಆರಿಹೋಗಲಿ ಎಂದು ಮನಸಾರೆ ಹಾರೈಸಿದಳು. ಆರಲಿಲ್ಲ.

ಬೆಳಗಾದಾಗ ಡೇರೆಗಳಾಚೆ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಿರಿಸೊಸೆ ಎದ್ದವಳೇ ಮರದ ತುಂಡನ್ನು ಮತ್ತೆ ಬಂಡೆಗೆ ಕುಟ್ಟತೊಡಗಿದಳು. ಕಿರಿಸೊಸೆ ತನ್ನ ಡೇರೆಯ ಮುಂದೆ ಕೂತು, ಗಾಳಿಗೆ ಮುರಿದ ಗೂಟದ ಬದಲು ಹೊಸ ಗೂಟ ಚೂಪು ಮಾಡುತ್ತಿದ್ದಳು. ಗೂಟ ಹೆಬ್ಬೆರಳಷ್ಟು ದಪ್ಪ. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಆ ಗೇಣುದ್ದದ ಕಬ್ಬಿಣವನ್ನು ಆಡಿಸುತ್ತಿದ್ದಳು. ಹಿರಿಸೊಸೆಗೆ ಅದು ಕಾಣಿಸಿತು. ಹಾಗೆ ಹಿಡಿಯಬೇಡ, ಅದರ ತೂಕವೆಲ್ಲ ಮುಂದಿದೆ, ಜಾರಿದರೆ ನಿಲ್ಲುವುದಿಲ್ಲ ಎನ್ನಬೇಕೆಂದು ಮಾತು ನಾಲಿಗೆಯ ತುದಿಗೂ ಬಂತು. ರಾತ್ರಿಯ ಚಳಿ ನೆನಪಾಯಿತು. ಮಾತನ್ನು ನುಂಗಿಕೊಂಡಳು.

ಚೀರಾಟ ಕೇಳಿ ತಿರುಗಿದಾಗ ಗೂಟ ಕೆಳಗೆ ಬಿದ್ದಿತ್ತು. ಒದ್ದೆ ತೊಗಟೆಯ ಮೇಲೆ ಜಾರಿದ ಅಲಗು ಮಳೆಕೋಟಿನ ತೋಳಿನ ಅಂಚನ್ನು ಸೀಳಿ, ಹೆಬ್ಬೆರಳಿನ ಬುಡದ ಮಾಂಸದೊಳಗೆ ಇಳಿದಿತ್ತು. ರಕ್ತ ಮೊಣಕೈವರೆಗೂ ಹರಿಯುತ್ತಿತ್ತು. ಕಿರಿಸೊಸೆಯ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಕೈ ಮೇಲೆತ್ತು. ಮೇಲೆತ್ತು ಅಂದ್ನಲ್ಲ!" ಹಿರಿಸೊಸೆ ತಲೆವಸ್ತ್ರ ಬಿಚ್ಚಿ ಗಾಯದ ಮೇಲೆ ಒತ್ತಿದಳು. ತೋಳಿನ ಅಂಚಿನ ಎಳೆಗಳು ಗಾಯದೊಳಗೇ ಸಿಕ್ಕಿಕೊಂಡಿದ್ದವು, ಮಣಿಕಟ್ಟಿನ ಬಿಗಿಪಟ್ಟಿ ಊದುತ್ತಿದ್ದ ಕೈಯನ್ನು ಕಚ್ಚಿತ್ತು. ಬಟ್ಟೆ ಕತ್ತರಿಸದೆ ಕಟ್ಟು ಹಾಕುವಂತಿರಲಿಲ್ಲ. ಔಷಧದ ಡಬ್ಬಿಯಲ್ಲಿದ್ದ ಕತ್ತರಿ ಅವರದೇ ಅಂಗಡಿಯದು, ದಪ್ಪ ಬಟ್ಟೆ ಕಂಡೊಡನೆ ಬಾಗಿಕೊಂಡಿತು. ಇಂಥ ಕೆಲಸಕ್ಕೇ ಹೇಳಿ ಮಾಡಿಸಿದ ನಾಲ್ಕಿಂಚಿನ ಚಾಕು ಮರದ ತುಂಡಿನೊಳಗೆ ಕೂತಿತ್ತು.

ಉಳಿದದ್ದು ನೆಲದ ಮೇಲೆ ಬಿದ್ದಿದ್ದ ಒಂಬತ್ತಿಂಚು. ಹಿರಿಸೊಸೆ ಅದನ್ನೆತ್ತಿ, ಅಲಗಿನ ಅರ್ಧಕ್ಕೆ ಕಾಲುಚೀಲ ಸುತ್ತಿ, ಅಲ್ಲೇ ಹಿಡಿದುಕೊಂಡಳು.

"ಬೇಡ ಅಕ್ಕ," ಎಂದಳು ಕಿರಿಸೊಸೆ. "ನೀವು ನನ್ನ ಮೇಲಿನ ಸಿಟ್ಟಿಗೆ..."

"ಸಿಟ್ಟಿಗೆ ಏನು? ಕೈನೇ ತೆಗೆದುಬಿಡ್ತೀನಾ?"

ಕಿರಿಸೊಸೆ ಗಾಯದ ಕೈಯನ್ನು ಎದೆಗೆ ಎಳೆದುಕೊಂಡಳು. ಅವಳು ನಿಜವಾಗಿಯೂ ಹೆದರಿದ್ದಾಳೆಂದು ಹಿರಿಸೊಸೆಗೆ ಆಗ ತಿಳಿಯಿತು. ತಿಳಿದಾಗ ಒಂದು ಗಳಿಗೆ, ಒಂದೇ ಗಳಿಗೆ, ಒಳಗೆಲ್ಲೋ ಹಿತವಾಯಿತು. ಆ ಹಿತಕ್ಕೆ ತಾನೇ ಬೆಚ್ಚಿಬಿದ್ದಳು.

"ಅಲ್ಲಾಡ್ಬೇಡ. ಬೈಬೇಕು ಅನ್ಸಿದ್ರೆ ಬೈಕೊ, ಆದ್ರೆ ಅಲ್ಲಾಡ್ಬೇಡ."

ಭಾರದ ಮೊನೆಯನ್ನು ಬಟ್ಟೆಯಡಿಗೆ ತೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಎತ್ತುತ್ತ ಕೊಯ್ಯತೊಡಗಿದಳು.

"ಬೈಯೋದೇ ಆದ್ರೆ," ಎಂದಳು ಕಿರಿಸೊಸೆ ಕಣ್ಣು ಮುಚ್ಚಿಕೊಂಡು, "ನೀವು ಊರಿಂದ ಬಂದಾಗಿನಿಂದ ಇವಳೇ, ಅವಳೇ. ನಾನೇನು ಕೆಲಸದೋಳಾ?"

"ನಮ್ಮಮ್ಮನ್ನ ಕಳ್ಕೊಂಡು ಬಂದಿದ್ದೆ ನಾನು. ನೀನು ನನ್ನ ಚಾಕುಗಳನ್ನ ಪಾಲಿಶ್ ಡಬ್ಬಿ ಜೊತೆ ಬಿಸಾಕಿದ್ದೆ."

"ಬಿಸಾಕು ಅಂದಿದ್ದು ಅತ್ತೆ."

ಅಲಗು ನಿಂತಿತು.

"ಸುಳ್ಳು."

"ಗೋಡೆಗೆ ಬಟ್ಟೆ ಕೊಟ್ಟಿದ್ದೂ ಅವರೇ. 'ಅವಳು ಬರೋದ್ರೊಳಗೆ ಮಾಡಿ ಮುಗಿಸು, ಬಂದ್ರೆ ಬಿಡಲ್ಲ' ಅಂದ್ರು. ದೊಡ್ಡ ಚಾಕು ಇಷ್ಟ ಅನ್ನೋದು ನನ್ನ ಮಾತು, ಅದನ್ನ ಬಿಡಲ್ಲ. ಮಿಕ್ಕಿದ್ದೆಲ್ಲ ಅವರದ್ದು."

"ಹಾಗಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಕೇಳಿದ್ರಾ ನೀವು? ಕೂಗಾಡಿದ್ರಿ. ನಾನೂ ಬಿಟ್ಟುಕೊಡೋ ಪೈಕಿ ಅಲ್ಲ."

ಹಿರಿಸೊಸೆ ಉಳಿದ ಬಟ್ಟೆಯನ್ನು ಕೊಯ್ದಳು. ಗಾಯ ತೊಳೆದು, ಪಟ್ಟಿ ಸುತ್ತಿ ಬಿಗಿದಳು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಿಗಿದಳು. ಕಿರಿಸೊಸೆ ಹಲ್ಲು ಕಚ್ಚಿದಳೇ ಹೊರತು ಅಯ್ಯೋ ಎನ್ನಲಿಲ್ಲ. ಡೇರೆಗಳನ್ನು ಅಲ್ಲೇ ಬಿಟ್ಟು ಗುಡ್ಡ ಇಳಿದರು. ಜಾರುವ ಕಡೆಗಳಲ್ಲಿ ಹಿರಿಸೊಸೆ ಓರಗಿತ್ತಿಯ ಸೊಂಟಪಟ್ಟಿ ಹಿಡಿದುಕೊಂಡಳು, ಮೂಟೆ ಹಿಡಿದಂತೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರಮ್ಮ, ಗಾಯ ಮಾಯುತ್ತದೆ, ಹೆಬ್ಬೆರಳು ಮಾತ್ರ ಪೂರ್ತಿ ಮಡಿಚಲು ತುಂಬ ಕಾಲ ಹಿಡಿಯಬಹುದು ಎಂದರು. ಕಿರಿಸೊಸೆ ಆ ಕೈಯನ್ನು ಎದೆಗೆ ಕಟ್ಟಿಕೊಂಡೇ ಮರುದಿನ ಅಂಗಡಿಗೆ ಬಂದಳು.

ಅತ್ತೆ ಕಟ್ಟನ್ನು ನೋಡಿದರು, ನಿಟ್ಟುಸಿರಿಟ್ಟರು, ಆಮೇಲೆ ತಲೆಯಾಡಿಸಿದರು.

"ಅಂದ್ರೆ ದೊಡ್ಡೋಳು ಹೇಳಿದ್ದೇ ಸರಿ. ಉದ್ದದ್ದು ಅಪಾಯ."

ಹಿರಿಸೊಸೆ ಚಾಕು ಕೌಂಟರಿನ ಕಡೆ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು.

"ಅಕ್ಕನ ಚಾಕು ಎಲ್ಲಿದೆ ಅಂತ ಕೇಳಿ ಅತ್ತೆ," ಎಂದಳು ಕಿರಿಸೊಸೆ.

ಅತ್ತೆಯ ಹುಬ್ಬು ಮೇಲೇರಿತು. ಹಿರಿಸೊಸೆಯ ಕಿವಿ ಬಿಸಿಯಾಯಿತು. ಕಳೆದುಹೋಯಿತು ಎನ್ನಬಹುದಿತ್ತು, ಗಾಬರಿಯಲ್ಲಿ ಬಿಟ್ಟು ಬಂದೆ ಎಂದರೂ ನಡೆಯುತ್ತಿತ್ತು.

"ಸೌದೆಯೊಳಗೆ ಸಿಕ್ಕಿಕೊಂಡಿದೆ," ಎಂದಳು. "ಸೀಳೋಕೆ ಹೋದೆ, ಅಲಗು ಸಾಲಲಿಲ್ಲ. ರಾತ್ರಿ ಬೆಂಕಿ ಮಾಡಿದ್ದು ಇವಳು." ಅತ್ತೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. "ನನ್ನ ಚಾಕುಗಳನ್ನ ಕೆಳಗಿನ ಡ್ರಾಯರಿಗೆ ಹಾಕಿಸಿದ್ದು ನೀವಂತೆ."

ಅತ್ತೆ ಸಿಕ್ಕಿಬಿದ್ದವರಂತೆ ಕಾಣಲೇ ಇಲ್ಲ.

"ಹೌದು, ಹಾಕಿಸಿದೆ. ಏನೀಗ? ನೀನು ಮದುವೆಯಾಗಿ ಬರೋ ಮುಂಚೆ ಆ ಕೌಂಟರು ಯಾರದು ಅಂತ ಯಾವತ್ತಾದ್ರೂ ಕೇಳಿದ್ಯಾ? ಬಂದ ವಾರಕ್ಕೇ 'ನೀವು ಕೂತ್ಕೊಳ್ಳಿ ಅತ್ತೆ, ನಾನು ನೋಡ್ಕೋತೀನಿ' ಅಂದೆ. ನಿಮ್ಮ ಮಾವ ಹೂಂ ಅಂದ್ರು. ಅವತ್ತಿಂದ ನಾನು ಈ ಕುರ್ಚಿ ಮೇಲೆ ಚಿಲ್ಲರೆ ಎಣಿಸ್ತಾ ಕೂತಿದೀನಿ."

ಮುದುಕಿ ಕುರ್ಚಿಯಿಂದ ಇಳಿದರು. ಮಂಡಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಗಾಜಿನ ಕೌಂಟರಿನ ಹಿಂದೆ ಹೋಗಿ ನಿಂತರು.

"ಇಬ್ಬರೂ ತಪ್ಪು. ಇಬ್ಬರೂ ಬೂಟು."

"ಅತ್ತೆ, ನಿಮ್ಮ ಕಾಲು..." ಎಂದಳು ಕಿರಿಸೊಸೆ.

"ನನ್ನ ಕಾಲು ನನಗಿರಲಿ. ಹೋಗ್ರೇ."

ಆ ಮಧ್ಯಾಹ್ನವೇ ದಪ್ಪ ಕನ್ನಡಕದ ಮೇಷ್ಟ್ರು ಛತ್ರಿ ಒಯ್ಯಲು ಬಂದರು. ಮೂಲೆಯಲ್ಲಿ ಬೂಟಿನ ಪೆಟ್ಟಿಗೆ ಜೋಡಿಸುತ್ತಿದ್ದ ಹಿರಿಸೊಸೆ ಕಿವಿ ನಿಮಿರಿಸಿದಳು. ಅತ್ತೆ ಅವರ ಅಂಗೈ ನೋಡಲಿಲ್ಲ, ಗೋಡೆಯನ್ನೂ ತೋರಿಸಲಿಲ್ಲ.

"ಚಾಕಿನಲ್ಲಿ ಏನು ಮಾಡ್ತೀರಪ್ಪ?"

"ಹಗ್ಗ ಕತ್ತರಿಸೋದು, ಹಣ್ಣು ಕೊಯ್ಯೋದು. ಮಳೆ ಬಂದ್ರೆ ಸ್ವಲ್ಪ ಸೌದೆ."

"ಸೌದೆ ಎಷ್ಟು ದಪ್ಪ?"

ಮೇಷ್ಟ್ರು ತಮ್ಮ ಮಣಿಕಟ್ಟು ತೋರಿಸಿದರು. ಅತ್ತೆ ನಡುವಿನ ಖಾನೆಯಿಂದ ಐದಿಂಚಿನದೊಂದನ್ನು ತೆಗೆದು, ಅವರ ಕೈಗೆ ಕೊಟ್ಟು, ಹಿಡಿದು ತಿರುಗಿಸಿ ನೋಡಲು ಹೇಳಿದರು. "ಮಣಿಕಟ್ಟಿಗಿಂತ ದಪ್ಪ ಸೌದೆ ಸಿಕ್ಕಿದ್ರೆ ಚಾಕು ಮುಟ್ಟಬೇಡಿ," ಎಂದು ಮಡಿಚುವ ಗರಗಸವೊಂದನ್ನು ಪಕ್ಕದಲ್ಲಿಟ್ಟರು. ಮೇಷ್ಟ್ರು ಎರಡನ್ನೂ ಕೊಂಡು, ಛತ್ರಿಯನ್ನೂ ಮರೆಯದೆ ಹೊರಟರು.

ಮುದುಕಿ ಕೊಟ್ಟದ್ದು ಸರಿಯಾಗಿಯೇ ಇತ್ತು. ಹಿರಿಸೊಸೆಯ ಮೈ ಉರಿದದ್ದೂ ಅದಕ್ಕೇ. ಇಷ್ಟು ವರ್ಷ ಕುರ್ಚಿಯ ಮೇಲೆ ಕೂತು, ತನ್ನ ಅಂಗೈ ಲೆಕ್ಕ ಕೇಳಿಸಿಕೊಂಡು ಒಳಗೊಳಗೇ ನಗುತ್ತಿದ್ದರೇನೋ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹೇಳಿದ್ದರೂ ತಾನು ಕೇಳುತ್ತಿರಲಿಲ್ಲ ಎಂಬ ಯೋಚನೆ ಬಂದಾಗ ಪೆಟ್ಟಿಗೆಯೊಂದನ್ನು ಬೇಕೆಂದೇ ಜೋರಾಗಿ ಕುಕ್ಕಿದಳು.

ಮಳೆಗಾಲ ಶುರುವಾಯಿತು, ಗಿರಾಕಿಗಳು ಹೆಚ್ಚಿದರು. ಬೂಟಿನ ಮೂಲೆಯಲ್ಲಿ ಇಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ಮೊಣಕೈಗೆ ಮೊಣಕೈ ತಾಗುತ್ತಿತ್ತು, ತಾಗಿದಾಗೆಲ್ಲ ಒಬ್ಬರನ್ನೊಬ್ಬರು ಕಣ್ಣಲ್ಲೇ ಸುಡುತ್ತಿದ್ದರು. ಕಿರಿಸೊಸೆಯ ಹೆಬ್ಬೆರಳು ಇನ್ನೂ ಮಡಿಚುತ್ತಿರಲಿಲ್ಲ, ಲೇಸು ಕಟ್ಟಲು ಬರುತ್ತಿರಲಿಲ್ಲ. ಒಂದು ದಿನ ಅಂಚೆಯವನೊಬ್ಬ ಬೆಟ್ಟ ಹತ್ತುವ ಬೂಟು ಕೇಳಿಕೊಂಡು ಬಂದ. ಕಿರಿಸೊಸೆ ಬೂಟು ತೊಡಿಸಿ, ಲೇಸಿನ ತುದಿಗಳನ್ನು ಹಿಡಿದು ತಡಕಾಡುತ್ತಿದ್ದಳು. ಹಿರಿಸೊಸೆ ಹೇಳದೆ ಕೇಳದೆ ಅವಳ ಕೈಯನ್ನು ಸರಿಸಿ, ತಾನೇ ಮಂಡಿಯೂರಿ ಎಳೆದು ಕಟ್ಟಿದಳು.

"ಬಿಗಿ ಜಾಸ್ತಿ ಆಯ್ತು," ಎಂದಳು ಕಿರಿಸೊಸೆ.

"ಬೆಟ್ಟ ಇಳಿಯೋವಾಗ ಬಿಗಿಯಾಗೇ ಇರ್ಬೇಕು. ಇಲ್ದಿದ್ರೆ ಬೆರಳು ಮುಂದಕ್ಕೆ ಹೋಗಿ ಕುಟ್ಟುತ್ತೆ."

"ಹತ್ತೋವಾಗ ಕಾಲು ಊದ್ಕೊಳ್ಳುತ್ತೆ. ಆಗೇನು ಮಾಡ್ತಾರೆ ಇವರು?"

"ಊದೋಕೆ ಮುಂಚೆ ಹತ್ತಿ ಮುಗಿಸ್ತಾರೆ."

"ಅಕ್ಕ, ಅವರ ಮುಖ ನೋಡಿ, ನೀಲಿ ಆಗ್ತಿದೆ."

"ಅದು ನಿನ್ನ ಗಂಟಲು ಕೇಳಿ ಆಗ್ತಿರೋದು!"

ಅಂಚೆಯವನು ಒಂದು ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡು ಅವಳನ್ನೊಮ್ಮೆ ಇವಳನ್ನೊಮ್ಮೆ ನೋಡುತ್ತ ಕೂತಿದ್ದ.